ಇಳಿಸಿದ ಪಿಕಪ್‌ಗೆ ಹಿಂದಿನ ಆಕ್ಸಲ್ ಕೂರಿಸುವುದು: ಮೊದಲ ಅಳತೆಯಿಂದ ಕೊನೆಯ ನಟ್ಟಿನವರೆಗೆ

ಬೆಡ್ (ಹಿಂಬದಿಯ ಸಾಮಾನಿನ ತೊಟ್ಟಿ) ಮರಳಿ ಕೂರಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಬಲಗಡೆ ಚಕ್ರ ಕಮಾನಿನ ನಟ್ಟನಡುವೆ ಇದೆ, ಎಡಗಡೆಯದು ಅರ್ಧ ಬೆರಳು ಮುಂದಿದೆ. ಇಳಿಸಿದ, ಅಂದರೆ ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ ಪಿಕಪ್‌ಗಳಲ್ಲಿ ಕಣ್ಣಿಗೆ ಮೊದಲು ಬೀಳುವ ದೋಷ ಇದು. ಆಗ ಬಹಳ ಜನ ಆಕ್ಸಲನ್ನು ಚಾಸಿಗೆ ಜೋಡಿಸುವ ಎಡಗಡೆ ಬಾರನ್ನು ಎರಡು ಸುತ್ತು ತಿರುಗಿಸಿ ಚಕ್ರವನ್ನು ಹಿಂದಕ್ಕೆ ತಳ್ಳುತ್ತಾರೆ. ಚಕ್ರ ನಡುವಿಗೆ ಬರುತ್ತದೆ, ಗಾಡಿ ಮಾತ್ರ ಅಂದಿನಿಂದ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಹತ್ತರಲ್ಲಿ ಎಂಟು ಸಲ ಓರೆ ಇದ್ದದ್ದು ಬೆಡ್ಡಿನಲ್ಲಿ. ಆಕ್ಸಲ್ ಲೆಕ್ಕ ಒಪ್ಪಿಸಬೇಕಾದದ್ದು ಚಾಸಿಗೆ. ಬೆಡ್ಡನ್ನು ಆಮೇಲೆ ಆಕ್ಸಲಿಗೆ ಹೊಂದಿಸಿಕೊಳ್ಳಬಹುದು. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಅಳತೆಯ ಕೆಲಸ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಮೆರಿಕದ 1973–87ರ ಶೆವ್ರೊಲೆ ಸಿ10, ಗಿಡ್ಡ ಬೆಡ್ಡಿನದು. ಅಲ್ಲಿನವರು ಇದನ್ನು ಸ್ಕ್ವೇರ್‌ಬಾಡಿ ಎನ್ನುತ್ತಾರೆ. ಕಂಪನಿಯ ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲುಗಳ ನಡುವಿನ ದೂರ) 117.5 ಇಂಚು, ಅಂದರೆ 2984.5 ಎಂಎಂ. ಉದ್ದ ಬೆಡ್ಡಿನದಾದರೆ 131.5 ಇಂಚು. ಹಿಂದೆ ಲೀಫ್ ಸ್ಪ್ರಿಂಗ್ ಇದ್ದ ಗಾಡಿಗೆ ಅದನ್ನು ತೆಗೆದು ಸಮಾನಾಂತರ ಫೋರ್‌ಲಿಂಕ್ (ಆಕ್ಸಲನ್ನು ಮುಂದೆ ಹಿಂದೆ ಹೋಗದಂತೆ ಹಿಡಿಯುವ ನಾಲ್ಕು ಬಾರು), ಪ್ಯಾನ್‌ಹಾರ್ಡ್ ರಾಡ್ (ಅದನ್ನು ಅಡ್ಡಕ್ಕೆ ಹಿಡಿಯುವ ಸರಳು) ಮತ್ತು ಏರ್‌ಬ್ಯಾಗ್ (ಸ್ಪ್ರಿಂಗಿನ ಬದಲಿಗೆ ಗಾಳಿ ತುಂಬುವ ರಬ್ಬರ್ ಚೀಲ) ಹಾಕುವ ಕೆಲಸ ಇದು. ಬೇರೆ ಗಾಡಿಯಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಅಲ್ಲಿನ ಗ್ಯಾರೇಜುಗಳಲ್ಲಿ ಕೈ ಮಸಿ ಮಾಡಿಕೊಳ್ಳುವ ಕನ್ನಡಿಗರಿಗಾಗಿ ಇದನ್ನು ಬರೆದದ್ದು. ಊರಿನಲ್ಲಿ ಬೊಲೆರೊ ಪಿಕಪ್‌ಗೆ ಇದನ್ನೇ ಮಾಡೋಣ ಅಂದುಕೊಂಡವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಿಕೊಳ್ಳಲಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅಲ್ಲಿ ಅವಕಾಶವಿಲ್ಲ.

ಬಿಚ್ಚುವ ಮೊದಲು ಅಳೆಯಿರಿ

ಬೇಕಾದ ಸಾಮಾನು ದೊಡ್ಡದೇನಲ್ಲ. ಗಟ್ಟಿಯಾದ ನಾಲ್ಕು ಜಾಕಿ ಸ್ಟ್ಯಾಂಡು, ಎರಡು ಜಾಕಿ, ತೂಗುಗುಂಡು ಎರಡು, ರಸಮಟ್ಟ, ದೊಡ್ಡ ಮೂಲೆಮಟ್ಟ, 5 ಮೀಟರಿನ ಉಕ್ಕಿನ ಟೇಪು, ಡಿಗ್ರಿಯಲ್ಲಿ ಹತ್ತನೇ ಒಂದು ಪಾಲು ತೋರಿಸುವ ಡಿಜಿಟಲ್ ಕೋನಮಾಪಕ, ಗುರುತಿನ ದಾರ, ಮಾಸ್ಕಿಂಗ್ ಟೇಪು, ಸೆಂಟರ್ ಪಂಚು. ಟೇಪನ್ನು ಒಬ್ಬರೇ ಹಿಡಿಯಬೇಡಿ. ಕರ್ಣ ಅಳೆಯುವಾಗ ಟೇಪು ಜೋತರೆ 3 ಎಂಎಂ ಸುಳ್ಳು ಹೇಳುತ್ತದೆ, ನಾವು ಹುಡುಕುತ್ತಿರುವುದು ಅದಕ್ಕಿಂತ ಸಣ್ಣ ತಪ್ಪನ್ನು.

ಮೊದಲ ಅಳತೆ ಬೆಡ್ ಮೇಲಿರುವಾಗಲೇ ಆಗಬೇಕು. ಬೆಡ್ ತೆಗೆದರೆ ಲೀಫ್ ಸ್ಪ್ರಿಂಗ್ ಮೇಲಿನ ಭಾರ ಇಳಿದು ಪ್ಲೇಟುಗಳು ಬಾಗುತ್ತವೆ, ಆಕ್ಸಲ್ ಕೆಲವು ಎಂಎಂ ಸರಿಯುತ್ತದೆ. ಆಮೇಲೆ ಎಷ್ಟು ಸೂಕ್ಷ್ಮವಾಗಿ ಅಳೆದರೂ ಅದು ಕಂಪನಿ ಇಟ್ಟ ಜಾಗದ ಅಳತೆಯಾಗುವುದಿಲ್ಲ. ಗಾಡಿ ಸಮನೆಲದ ಮೇಲೆ ತನ್ನ ಟೈರುಗಳ ಮೇಲೆ ನಿಂತಿರುವಾಗ ಇಷ್ಟನ್ನು ಬರೆದಿಟ್ಟುಕೊಳ್ಳಿ: ಲೀಫಿನ ಮುಂದಿನ ಹ್ಯಾಂಗರ್ ಬೋಲ್ಟಿನ ನಡುವಿನಿಂದ ಆಕ್ಸಲ್ ಟ್ಯೂಬಿನ ನಡುವಿಗೆ ಎರಡೂ ಕಡೆ ಎಷ್ಟು, ರಿಮ್ಮಿನ ಅಂಚಿನಿಂದ ಕಮಾನಿನ ಮುಂದಿನ ಮತ್ತು ಹಿಂದಿನ ತುಟಿಗೆ ಎಷ್ಟು, ಹಬ್ಬಿನ ಮುಖದಿಂದ ಚಾಸಿ ರೈಲಿಗೆ (ಚಾಸಿಯ ಉದ್ದಕ್ಕೂ ಹೋಗುವ ಉಕ್ಕಿನ ತೊಲೆಗೆ) ಎಷ್ಟು, ಗೇರ್‌ಬಾಕ್ಸಿನ ಹಿಂಬದಿ ಎಷ್ಟು ಡಿಗ್ರಿ ಇಳಿದಿದೆ, ಪಿನಿಯನ್ (ಗೇರ್‌ಬಾಕ್ಸಿನಿಂದ ಬರುವ ಶಾಫ್ಟು ಸೇರುವ ಆಕ್ಸಲಿನ ಮೂಗು) ಎಷ್ಟು ಡಿಗ್ರಿ ಎದ್ದಿದೆ.

ಈಗ ಆ ಆಕ್ಸಲ್ ಜಾಗವನ್ನು ಚಾಸಿಗೆ ಬರೆಯಬೇಕು. ಟ್ಯೂಬಿನ ನಡುಗೆರೆಯಿಂದ ಮೂಲೆಮಟ್ಟ ಹಿಡಿದು ರೈಲಿನ ಹೊರಮೈ ಮೇಲೆ ಗೆರೆ ಎಳೆದು ಸೆಂಟರ್ ಪಂಚಿನಲ್ಲಿ ಎರಡು ಚುಕ್ಕೆ ಹೊಡೆಯಿರಿ. ಬಣ್ಣದ ಗೆರೆ ಸಾಲದು, ಗ್ರೈಂಡರ್ ತಗುಲಿದರೆ ಅಳಿಸಿಹೋಗುತ್ತದೆ. ರೈಲಿನ ಆ ಭಾಗವನ್ನೇ ಮುಂದೆ ಕತ್ತರಿಸಬೇಕಾಗಿರುವುದರಿಂದ, ಆ ಚುಕ್ಕೆಯಿಂದ ಸರಿಯಾಗಿ 500 ಎಂಎಂ ಮುಂದೆ ಇನ್ನೊಂದು ಚುಕ್ಕೆ ಹೊಡೆದು ಅದನ್ನು ಕಾಯ್ದಿಟ್ಟುಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಇದೇ ಮೂಲಬಿಂದು.

ಮೂಲಬಿಂದುವನ್ನೇ ನಂಬಬಹುದೇ? ಅದನ್ನೂ ಪರೀಕ್ಷಿಸಬೇಕು. ಮುಂದಿನ ಸಸ್ಪೆನ್ಷನ್ನಿನ ಕೆಳತೋಳಿನ ಬೋಲ್ಟಿನಿಂದ ಹಿಂದಿನ ಶ್ಯಾಕಲ್ ಹ್ಯಾಂಗರಿಗೆ (ಲೀಫಿನ ಹಿಂತುದಿ ತೂಗುವ ಬ್ರ್ಯಾಕೆಟ್ಟಿಗೆ) ಎರಡೂ ಕರ್ಣಗಳನ್ನು ಅಳೆಯಿರಿ. ಎರಡರ ನಡುವೆ 3 ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಎಂದೋ ಪೆಟ್ಟು ತಿಂದು ವಜ್ರಾಕೃತಿಗೆ ತಿರುಗಿದೆ. ಅದನ್ನು ಎಳೆಸಿ ಸರಿಮಾಡಿಸದೆ ಮುಂದುವರಿದರೆ ಉಳಿದ ಎಲ್ಲ ಅಳತೆಯೂ ಸುಳ್ಳಿನ ಮೇಲೆ ಕಟ್ಟಿದ ಮನೆ. ನಲವತ್ತು ವರ್ಷದ ಗಾಡಿಯಲ್ಲಿ ಇದು ಅಪರೂಪವಲ್ಲ.

ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪು ಹಿಡಿದು ವೀಲ್‌ಬೇಸ್ ನೋಡುವ ರೂಢಿ ಇದೆ. ಕೊನೆಯಲ್ಲಿ ಒಮ್ಮೆ ತಾಳೆ ನೋಡಲು ಅದು ಸರಿ, ಆಕ್ಸಲ್ ಕೂರಿಸಲು ಅದನ್ನು ನೆಚ್ಚಬೇಡಿ. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ಬಾಗು) ವ್ಯತ್ಯಾಸದಿಂದಲೋ ಸವೆದ ಬುಷ್‌ನಿಂದಲೋ ಮುಂದಿನ ಒಂದು ಚಕ್ರ 5–6 ಎಂಎಂ ಹಿಂದಿರುವುದು ಮಾಮೂಲು.

ಟ್ಯಾಂಕು ಎಲ್ಲಿದೆ ನೋಡಿಕೊಂಡೇ ಕಿಡಿ ಹಚ್ಚಿ

1973–87ರ ಈ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕು ಚಾಸಿ ರೈಲಿನ ಹೊರಮಗ್ಗುಲಲ್ಲಿ ತೂಗಿಕೊಂಡಿರುತ್ತದೆ, ಕೆಲವದರಲ್ಲಿ ಎರಡೂ ಬದಿಗೆ. ಅಪಘಾತದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ ಎಂದು 1990ರ ದಶಕದಲ್ಲಿ ದೊಡ್ಡ ವಿವಾದಕ್ಕೆ ಕಾರಣವಾದದ್ದು ಇದೇ ಜಾಗ. ಬಾರುಗಳ ಮುಂದಿನ ಬ್ರ್ಯಾಕೆಟ್ ವೆಲ್ಡ್ ಮಾಡುವ ಜಾಗವೂ ಅದರ ಮಗ್ಗುಲಲ್ಲೇ ಬರುತ್ತದೆ. ಟ್ಯಾಂಕನ್ನು ಖಾಲಿ ಮಾಡಿ ಹಾಗೇ ಬಿಟ್ಟರೆ ತುಂಬಿದ್ದಕ್ಕಿಂತ ಅಪಾಯ, ಒಳಗಿನ ಆವಿಯೇ ಸಿಡಿಯುವುದು. ಪೂರ್ತಿ ಕಳಚಿ ಶೆಡ್ಡಿನಿಂದ ಹೊರಗಿಡಿ. ಬಹಳ ಜನ ಈ ನೆಪದಲ್ಲೇ ಟ್ಯಾಂಕನ್ನು ಆಕ್ಸಲಿನ ಹಿಂದೆ, ಎರಡು ರೈಲುಗಳ ನಡುವೆ ಸ್ಥಳಾಂತರಿಸುತ್ತಾರೆ. ಅದು ಒಳ್ಳೆಯ ಯೋಚನೆಯೇ. ಆದರೆ ಗಾಡಿ ನೆಲಕ್ಕೆ ಕುಳಿತಾಗ ಟ್ಯಾಂಕಿನ ತಳ ರೈಲಿನ ತಳಕ್ಕಿಂತ ಮೇಲಿರುವುದನ್ನು ಈಗಲೇ ಲೆಕ್ಕ ಹಾಕಿಕೊಳ್ಳಿ. ಬ್ಯಾಟರಿಯ ಎರಡೂ ವೈರು ಬಿಚ್ಚಿರಲಿ.

ಮೂರು ಎತ್ತರ, ಒಂದು ತೀರ್ಮಾನ

ಏರ್‌ಬ್ಯಾಗಿನ ಗಾಡಿಗೆ ಮೂರು ಎತ್ತರಗಳಿವೆ: ಗಾಳಿ ಬಿಟ್ಟು ನೆಲಕ್ಕೆ ಕುಳಿತದ್ದು, ಓಡಿಸುವಾಗಿನದು, ಪೂರ್ತಿ ಎದ್ದದ್ದು. ಆಕ್ಸಲ್ ಈ ಮೂರರಲ್ಲಿಯೂ ಒಂದೇ ಜಾಗದಲ್ಲಿ ಇರುವುದಿಲ್ಲ. ಬಾರಿನ ಮುಂದಿನ ತುದಿ ಚಾಸಿಗೆ ಕಚ್ಚಿಕೊಂಡಿರುವುದರಿಂದ ಹಿಂದಿನ ತುದಿ ಕಂಸದಲ್ಲಿ ತಿರುಗುತ್ತದೆ, ಬಾರು ನೆಲಕ್ಕೆ ಸಮನಾಗಿದ್ದ ಸ್ಥಿತಿಯಿಂದ ಮೇಲೆ ಹೋದರೂ ಕೆಳಗೆ ಹೋದರೂ ಆಕ್ಸಲ್ ಮುಂದಕ್ಕೇ ಸರಿಯುತ್ತದೆ.

ಎಷ್ಟು ಸರಿಯುತ್ತದೆ ಎನ್ನಲು ಸುಲಭದ ಲೆಕ್ಕವಿದೆ. ಏರಿದ ಎತ್ತರವನ್ನು ಅದರಿಂದಲೇ ಗುಣಿಸಿ, ಬಾರಿನ ಉದ್ದದ ಎರಡರಷ್ಟರಿಂದ ಭಾಗಿಸಿ. ಬಾರು 600 ಎಂಎಂ, ಆಕ್ಸಲ್ 100 ಎಂಎಂ ಮೇಲೆ ಹೋಯಿತು ಎಂದಿಟ್ಟುಕೊಳ್ಳಿ. 10,000ವನ್ನು 1,200ರಿಂದ ಭಾಗಿಸಿದರೆ 8.3 ಎಂಎಂ. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ 8.4. ಅದೇ 400 ಎಂಎಂನ ಗಿಡ್ಡ ಬಾರಾದರೆ 12.7 ಎಂಎಂ, ಅರ್ಧ ಇಂಚು. ಸರಿಯಾಗಿ ಕೂರಿಸಿದ ಚಕ್ರ ಗಾಡಿ ಕುಳಿತಾಗ ಕಮಾನಿನ ಮುಂದಿನ ತುಟಿಗೆ ಉಜ್ಜುವುದು ಇದರಿಂದಲೇ. ಜಾಗ ಇದ್ದಷ್ಟೂ ಉದ್ದ ಬಾರು ಹಾಕಿ. 600 ಎಂಎಂಗೆ ಜಾಗ ಸಿಗದಿದ್ದರೆ 550ರವರೆಗೆ ಒಪ್ಪಬಹುದು.

ಇನ್ನು ಯಾವ ಎತ್ತರದಲ್ಲಿ ಚಕ್ರವನ್ನು ನಡುವಿಗೆ ತರುವುದು? ಪ್ರದರ್ಶನಕ್ಕೇ ಕಟ್ಟುವವರು ಕುಳಿತ ಸ್ಥಿತಿಯಲ್ಲಿ ನಡುವಿಗೆ ತರುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಗಾಡಿ ಓಡುವುದು ಓಡಿಸುವ ಎತ್ತರದಲ್ಲಿ. ಶಾಫ್ಟಿನ ಕೋನ, ಬ್ರೇಕು, ಟೈರಿನ ಸವೆತ ಎಲ್ಲವೂ ಆ ಎತ್ತರದವು. ಅದಕ್ಕೇ ಓಡಿಸುವ ಎತ್ತರದಲ್ಲಿ ಕಂಪನಿಯ ವೀಲ್‌ಬೇಸಿಗೆ ಇಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಕುಳಿತಾಗ ಮುಂದೆ ಸರಿಯುವುದು ಕಣ್ಣಿಗೆ ಚುಚ್ಚುವುದಾದರೆ 3–4 ಎಂಎಂ ಹಿಂದಕ್ಕೆ ಇಟ್ಟು ಹಂಚಿಕೊಳ್ಳಿ.

ಇದಕ್ಕಿಂತ ಜಾಣ ದಾರಿ ಇನ್ನೊಂದಿದೆ. ಓಡಿಸುವ ಎತ್ತರದಲ್ಲಿ ಬಾರಿನ ಮುಂದಿನ ತುದಿಯನ್ನು ಹಿಂದಿನದಕ್ಕಿಂತ 25 ಎಂಎಂ ಮೇಲೆ ಇಡಿ. 600 ಎಂಎಂ ಬಾರಿಗೆ ಇದು 2.4 ಡಿಗ್ರಿ ಇಳಿಜಾರು. ಗಾಡಿ 100 ಎಂಎಂ ಕುಳಿತಾಗ ಬಾರು ಸಮಸ್ಥಿತಿಯನ್ನು ದಾಟಿ 75 ಎಂಎಂ ಮಾತ್ರ ಮೇಲಿರುತ್ತದೆ, ಆಕ್ಸಲ್ ಮುಂದೆ ಸರಿಯುವುದು 8.4ರ ಬದಲು 4.2 ಎಂಎಂ. ಹಾಗಾದರೆ 50 ಎಂಎಂ ಇಟ್ಟರೆ ಸರಿತವೇ ಇರುವುದಿಲ್ಲವಲ್ಲ ಎನ್ನಬೇಡಿ. ಮುಂದಿನ ತುದಿ ಎತ್ತರವಾದಷ್ಟೂ ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರ ಹಿಂದಕ್ಕೂ ಒಳಗಿನದು ಮುಂದಕ್ಕೂ ಹೋಗುತ್ತದೆ. ಆಕ್ಸಲ್ ತಾನೇ ಸ್ಟಿಯರಿಂಗ್ ತಿರುಗಿಸಿದ ಹಾಗಾಗಿ ಗಾಡಿಯ ಬಾಲ ಹೊರಕ್ಕೆ ಜಾರುತ್ತದೆ. 25 ಎಂಎಂನಲ್ಲಿ ಇದು ಗಮನಕ್ಕೇ ಬರದು, 50ರಲ್ಲಿ ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಕೈಗೆ ತಿಳಿಯುತ್ತದೆ. ಪೂರ್ತಿ ಎದ್ದಾಗಿನ ಸರಿತವೂ ಹೆಚ್ಚುತ್ತದೆ: 25ರ ಇಳಿಜಾರಿಟ್ಟು 100 ಎಂಎಂ ಎತ್ತಿದರೆ 12.6 ಎಂಎಂ. ಅಷ್ಟು ಎತ್ತಿ ಯಾರೂ ವೇಗವಾಗಿ ಓಡಿಸುವುದಿಲ್ಲವಾದ್ದರಿಂದ ಅದನ್ನು ಸಹಿಸಬಹುದು.

ಓಡಿಸುವ ಎತ್ತರವನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ಬ್ಯಾಗಿನ ತಯಾರಕರ ಹಾಳೆಯಲ್ಲಿ ಓಡಿಸುವಾಗಿನ ಉದ್ದ ಕೊಟ್ಟಿರುತ್ತಾರೆ. ಕುಗ್ಗಿದಾಗ ಸುಮಾರು 3 ಇಂಚು, ಓಡಿಸುವಾಗ 5ರಿಂದ 6 ಇಂಚು ಇರುವ ಬ್ಯಾಗುಗಳು ಸಾಮಾನ್ಯ. ಅದಕ್ಕಿಂತ ಕಡಿಮೆಯಲ್ಲಿ ಓಡಿಸಿದರೆ ಬ್ಯಾಗು ಕಲ್ಲಿನಂತಾಗುತ್ತದೆ. ಊರಿನ ಕಾನೂನನ್ನೂ ನೋಡಿ. ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ 24008ನೇ ಕಲಮಿನ ಪ್ರಕಾರ ರಸ್ತೆಯಲ್ಲಿ ಓಡುವಾಗ ಚಕ್ರ ಬಿಟ್ಟು ಗಾಡಿಯ ಯಾವ ಭಾಗವೂ ರಿಮ್ಮಿನ ತಳಕ್ಕಿಂತ ಕೆಳಗೆ ಇರಕೂಡದಾಗಿತ್ತು. 2024ರ ಆರಂಭದಲ್ಲಿ ರದ್ದಾದ ಈ ನಿಯಮ ಜಾರಿಗೆ ಬಂದದ್ದು 1958ರಲ್ಲಿ. ಮರುವರ್ಷವೇ ಕಾರುಗಳನ್ನು ಮಾರ್ಪಡಿಸುತ್ತಿದ್ದ ರಾನ್ ಅಗಿರೆ ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ಸ್ ಅಳವಡಿಸಿ, ಬೇಕಾದಾಗ ಎತ್ತಿ ಬೇಕಾದಾಗ ಇಳಿಸಿ ಅದರಿಂದ ನುಣುಚಿಕೊಂಡರು. ಇವತ್ತಿನ ಏರ್‌ಬ್ಯಾಗು ಆ ಜಾಣತನದ ಮೊಮ್ಮಗು.

ಆಕ್ಸಲನ್ನು ಗಾಳಿಯಲ್ಲಿ ನಿಲ್ಲಿಸುವುದು

ಬೆಡ್, ಶಾಕ್, ಬ್ರೇಕ್ ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್, ಶಾಫ್ಟು ಕಳಚಿಡಿ. ಚಾಸಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ, ಓಡಿಸುವಾಗ ಎಷ್ಟು ಮುಂದಕ್ಕೆ ಬಾಗಿರುತ್ತದೋ ಅದೇ ಬಾಗಿನಲ್ಲಿ ನಿಲ್ಲಿಸಿ. ಅಡ್ಡಕ್ಕೆ ಮಾತ್ರ ರಸಮಟ್ಟ ಪೂರ್ತಿ ಸಮ ತೋರಿಸಬೇಕು. ಮುಂದಿನ ಕ್ರಾಸ್‌ಮೆಂಬರಿನ ನಡುವಿನಿಂದ ಮತ್ತು ಹಿಂದಿನ ರೈಲುಗಳ ನಡುವಿನಿಂದ ತೂಗುಗುಂಡು ಬಿಟ್ಟು, ನೆಲದ ಮೇಲೆ ಗುರುತಿನ ದಾರ ಹೊಡೆದು ಗಾಡಿಯ ನಡುಗೆರೆ ಎಳೆಯಿರಿ. ಕಾಯ್ದಿಟ್ಟ ಚುಕ್ಕೆಗಳಿಂದಲೂ ಗುಂಡು ಬಿಟ್ಟು ನೆಲದ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ ಗುರುತು ಹಾಕಿ. ಇನ್ನು ಮೇಲೆ ಗಾಡಿ ಕದಲಕೂಡದು.

ಆಕ್ಸಲನ್ನು ಎರಡು ಜಾಕಿಗಳ ಮೇಲೆ ಕೂರಿಸಿ ಎತ್ತರಕ್ಕೆ ತನ್ನಿ. ಎತ್ತರದ ಲೆಕ್ಕ ಟೈರಿನಿಂದ ಬರುತ್ತದೆ. 255/45ಆರ್20 ಟೈರಿನ ವ್ಯಾಸ ಸುಮಾರು 737 ಎಂಎಂ, ಅದರ ಅರ್ಧ 369. ಭಾರ ಬಿದ್ದಾಗ ಟೈರು ಒಂದು ಸೆಂಟಿಮೀಟರಿನಷ್ಟು ಅಮುಕುವುದರಿಂದ ಆಕ್ಸಲಿನ ನಡು ನೆಲದಿಂದ 360 ಎಂಎಂ ಎಂದು ಹಿಡಿಯಿರಿ. ರೈಲಿನ ತಳ ನೆಲಕ್ಕೆ ತಾಗಿದ ಸ್ಥಿತಿಯಲ್ಲಿಯೂ ನಡು ಅಷ್ಟೇ ಎತ್ತರದಲ್ಲಿ ಇರುತ್ತದೆ. 3 ಇಂಚಿನ ಟ್ಯೂಬಾದರೆ ಅದರ ತಲೆ 398 ಎಂಎಂ. ರೈಲಿನಲ್ಲಿ ಎಷ್ಟು ಆಳಕ್ಕೆ ಸಿ-ನಾಚ್ (ಆಕ್ಸಲ್ ಮೇಲೇರಲು ಸಿ ಆಕಾರದ ಕಚ್ಚು) ಕತ್ತರಿಸಬೇಕು ಎಂಬುದು ಈ ಅಂಕಿಯಿಂದ ಸಿಗುತ್ತದೆ, ಬಂಪ್‌ಸ್ಟಾಪಿಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ತುಂಡಿಗೆ) ಮತ್ತು ವೆಲ್ಡಿನ ಉಬ್ಬಿಗೆ 25 ಎಂಎಂ ಸೇರಿಸಿ.

ನಾಚಿನ ನಡುವನ್ನು ಓಡಿಸುವ ಎತ್ತರದ ಆಕ್ಸಲ್ ಗೆರೆಗೆ ಇಟ್ಟು ತಪ್ಪು ಮಾಡುವವರು ಬಹಳ. ಟ್ಯೂಬು ನಾಚಿನೊಳಗೆ ಹೋಗುವ ಹೊತ್ತಿಗೆ ಮುಂದೆ ಸರಿದಿರುತ್ತದೆ. ಮೇಲಿನ ಲೆಕ್ಕದಲ್ಲಿ ಬಂದ 4 ಅಥವಾ 8 ಎಂಎಂನಷ್ಟು ನಾಚನ್ನೂ ಮುಂದಕ್ಕೆ ಸರಿಸಿ. ಕತ್ತರಿಸುವ ಮೊದಲು ರೈಲಿನ ಮೇಲಂಚಿಗೆ ಆಚೀಚೆ ಅರ್ಧರ್ಧ ಮೀಟರ್ ಚಾಚಿದ ಕೋನಪಟ್ಟಿಯೊಂದನ್ನು ಟ್ಯಾಕ್ (ತಾತ್ಕಾಲಿಕ ಸಣ್ಣ ವೆಲ್ಡು) ಹಾಕಿ. ಒಂದು ಬದಿ ಕತ್ತರಿಸಿ ಅದರ ಬಲವರ್ಧನೆಯ ಪ್ಲೇಟು ಪೂರ್ತಿ ವೆಲ್ಡ್ ಆದಮೇಲೆಯೇ ಇನ್ನೊಂದು ಬದಿ. ಎರಡನ್ನೂ ಒಟ್ಟಿಗೆ ಕತ್ತರಿಸಿದ ಚಾಸಿ ಸೊಂಟ ಮುರಿದ ಎತ್ತಿನಂತೆ ನಡು ಬಾಗುತ್ತದೆ.

ನೇರ, ನಡು, ಚೌಕ

ಈಗ ಜಾಕಿಗಳ ಮೇಲೆ ತೇಲುತ್ತಿರುವ ಆಕ್ಸಲನ್ನು ಮೂರು ರೀತಿಯಲ್ಲಿ ಸರಿಪಡಿಸಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ, ಮೂರ್ನಾಲ್ಕು ಸುತ್ತು ಹಿಡಿಯುತ್ತದೆ. ಅವಸರ ಬೇಡ.

ಅಡ್ಡಕ್ಕೆ ನಡುವಾಗಿದೆಯೇ ಎಂದು ಎರಡೂ ಬದಿ ಹಬ್ಬಿನ ಮುಖದಿಂದ ನೆಲದ ನಡುಗೆರೆಗೆ ಅಳೆದು ನೋಡಿ. ಡಿಫರೆನ್ಶಿಯಲಿನ ಗುಂಡನ್ನು ಅಥವಾ ಪಿನಿಯನನ್ನು ನಡುಗೆರೆಗೆ ತರಲು ಹೋಗಬೇಡಿ. ಅನೇಕ ಆಕ್ಸಲುಗಳಲ್ಲಿ ಪಿನಿಯನ್ ಹುಟ್ಟಿನಿಂದಲೇ ಒಂದು ಪಕ್ಕಕ್ಕೆ ಇರುತ್ತದೆ. ಅದನ್ನು ನಡುವಿಗೆ ತಂದವರ ಗಾಡಿಯಲ್ಲಿ ಒಂದು ಟೈರು ಬೆಡ್ಡಿನ ಅಂಚಿಗೆ ಉಜ್ಜುತ್ತದೆ, ಇನ್ನೊಂದು ಬದಿಯಲ್ಲಿ ಕೈ ತೂರಿಸುವಷ್ಟು ಜಾಗ ಉಳಿಯುತ್ತದೆ. ಎಡ ಬಲ ವ್ಯತ್ಯಾಸ 2 ಎಂಎಂ ಒಳಗಿರಲಿ.

ಚೌಕ ನೋಡಲು ಎರಡು ಅಳತೆ. ಮೊದಲನೆಯದು ಕಾಯ್ದಿಟ್ಟ ಚುಕ್ಕೆಯಿಂದ ನೇರ ಹಿಂದಕ್ಕೆ ಆಕ್ಸಲಿನ ನಡುವಿಗೆ, ಎರಡೂ ಕಡೆ. ಎರಡನೆಯದು ಕರ್ಣ: ಮುಂದಿನ ಎಡ ಕೆಳತೋಳಿನ ಬೋಲ್ಟಿನಿಂದ ಆಕ್ಸಲಿನ ಬಲ ತುದಿಗೆ, ಬಲದಿಂದ ಎಡಕ್ಕೆ. ದೂರದ ಬಿಂದುವಿನಿಂದ ಅಳೆದಷ್ಟೂ ಕರ್ಣ ನಿಜ ಹೇಳುತ್ತದೆ. ಆಕ್ಸಲಿನ ತುದಿ ಎಂದಾಗ ಬ್ರೇಕ್ ಡ್ರಮ್ಮು, ಬ್ಯಾಕಿಂಗ್ ಪ್ಲೇಟು, ಹಳೆಯ ಸ್ಪ್ರಿಂಗ್ ಕೂರುವ ಪ್ಯಾಡು ಇವು ಯಾವುದನ್ನೂ ಹಿಡಿಯಬೇಡಿ. ಪ್ಲೇಟು ಬಗ್ಗಿರುತ್ತದೆ, ಪ್ಯಾಡನ್ನು ಕಂಪನಿಯವರೇ ಅಂದಾಜಿನಲ್ಲಿ ವೆಲ್ಡ್ ಮಾಡಿರುತ್ತಾರೆ. ಆಕ್ಸಲ್ ಶಾಫ್ಟಿನ ಫ್ಲ್ಯಾಂಜಿನ ನಡುವಿನಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಬಿಂದು ಹಾಕಿ ಅಲ್ಲಿಂದ ಅಳೆಯುವುದೇ ಶುದ್ಧ.

ಎಷ್ಟು ತಪ್ಪನ್ನು ಕ್ಷಮಿಸಬಹುದು? ಎಡ ಬಲಕ್ಕೆ 1.5 ಎಂಎಂ. ಅಳತೆಯ ಬಿಂದುಗಳು 1500 ಎಂಎಂ ದೂರದಲ್ಲಿದ್ದು ವ್ಯತ್ಯಾಸ 3 ಎಂಎಂ ಬಂದರೆ ಆಕ್ಸಲ್ 0.11 ಡಿಗ್ರಿ ತಿರುಗಿದೆ ಎಂದರ್ಥ, 6 ಎಂಎಂ ಬಂದರೆ 0.23. ಮೊದಲನೆಯದು ಸ್ಟಿಯರಿಂಗಿನಲ್ಲಿ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ, ಎರಡನೆಯದರಲ್ಲಿ ನೇರ ರಸ್ತೆಯಲ್ಲಿಯೂ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ.

ಮೂರೂ ಕೂಡಿಬಂದ ಕ್ಷಣ ಜಾಕಿಯನ್ನು ನಂಬಿ ಕೂರಬೇಡಿ. ಕೋನಪಟ್ಟಿಯ ನಾಲ್ಕು ತುಂಡುಗಳನ್ನು ಟ್ಯೂಬಿನಿಂದ ರೈಲಿಗೆ ಟ್ಯಾಕ್ ಹಾಕಿ ಆಕ್ಸಲನ್ನು ಚಾಸಿಗೆ ಬಿಗಿಯಿರಿ. ಎರಡು ನೇರ, ಎರಡು ಓರೆ. ಬಾರುಗಳ ಬ್ರ್ಯಾಕೆಟ್ ಟ್ಯಾಕ್ ಆಗುವವರೆಗೆ ಈ ಊರುಗೋಲುಗಳು ಅಲ್ಲೇ ಇರಲಿ.

ಪಿನಿಯನ್ನಿನ ಮೂಗು

ಗೇರ್‌ಬಾಕ್ಸಿನ ಹಿಂಬದಿ 3 ಡಿಗ್ರಿ ಕೆಳಗೆ ನೋಡುತ್ತಿದ್ದರೆ ಪಿನಿಯನ್ 3 ಡಿಗ್ರಿ ಮೇಲೆ ನೋಡಬೇಕು, ಎರಡರ ಗೆರೆಗಳು ಸಮಾನಾಂತರವಾಗಬೇಕು. ಆಗ ಶಾಫ್ಟಿನ ಮುಂದಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಹುಟ್ಟಿಸಿದ ವೇಗದ ಏರುಪೇರನ್ನು ಹಿಂದಿನ ಕ್ರಾಸ್ ಅಳಿಸಿಹಾಕುತ್ತದೆ. ಶಾಫ್ಟಿಗೂ ಪಿನಿಯನ್ನಿಗೂ ನಡುವಿನ ಕೋನ 1ರಿಂದ 3 ಡಿಗ್ರಿ ಒಳಗಿರಲಿ, ಮುಂದಿನ ಹಿಂದಿನ ಕೋನಗಳ ವ್ಯತ್ಯಾಸ 1 ಡಿಗ್ರಿ ಮೀರದಿರಲಿ. ಸೊನ್ನೆ ಮಾಡಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ತೋರುತ್ತದೆ. ಸೊನ್ನೆಯಲ್ಲಿ ಕ್ರಾಸಿನೊಳಗಿನ ಸೂಜಿ ರೋಲರುಗಳು ಉರುಳದೆ ಒಂದೇ ಕಡೆ ಕೂತು ಗುಳಿ ಕೊರೆಯುತ್ತವೆ.

ಎಕ್ಸಿಲರೇಟರ್ ಒತ್ತಿದಾಗ ಪಿನಿಯನ್ನಿನ ಮೂಗು ಮೇಲೇಳುತ್ತದೆ. ಲೀಫ್ ಸ್ಪ್ರಿಂಗಿನಲ್ಲಿ ಈ ಏಳುವಿಕೆ ಜಾಸ್ತಿಯಾದ್ದರಿಂದ 2 ಡಿಗ್ರಿ ಕಡಿಮೆ ಇಡುವ ರೂಢಿ. ಫೋರ್‌ಲಿಂಕಿನ ಗಟ್ಟಿ ಬುಷ್‌ಗೆ 1 ಡಿಗ್ರಿ ಸಾಕು, ಅಂದರೆ ಈ ಉದಾಹರಣೆಯಲ್ಲಿ 2 ಡಿಗ್ರಿ ಮೇಲೆ.

ತೀರ ಇಳಿಸಿದ ಗಾಡಿಯಲ್ಲಿ ಹೊಸದೊಂದು ತೊಡಕು ಕಾಯುತ್ತಿರುತ್ತದೆ. ಪಿನಿಯನ್ ಗೇರ್‌ಬಾಕ್ಸಿಗಿಂತ ಎತ್ತರಕ್ಕೆ ಹೋಗಿ ಶಾಫ್ಟು ಹಿಂದಕ್ಕೆ ಏರುತ್ತದೆ. ಗೇರ್‌ಬಾಕ್ಸ್ 3 ಡಿಗ್ರಿ ಕೆಳಗೆ, ಶಾಫ್ಟು 2 ಡಿಗ್ರಿ ಮೇಲೆ ಎಂದರೆ ಮುಂದಿನ ಕ್ರಾಸ್ 5 ಡಿಗ್ರಿಯಲ್ಲಿ ದುಡಿಯುತ್ತಿದೆ. ಪಿನಿಯನನ್ನು ಸಮಾನಾಂತರ ಮಾಡಿದರೂ ಹಿಂದಿನದೂ 5ರಲ್ಲೇ ಇರುತ್ತದೆ, ಸಮ ಇದ್ದರೂ ಜಾಸ್ತಿಯೇ. ಇಲ್ಲಿ ಆಕ್ಸಲ್ ಮುಟ್ಟಿ ಫಲವಿಲ್ಲ. ಗೇರ್‌ಬಾಕ್ಸ್ ಮೌಂಟಿನ ಕೆಳಗೆ ತುಂಡಿಟ್ಟು ಹಿಂಬದಿಯನ್ನು ಎತ್ತಿ 1 ಡಿಗ್ರಿಗೆ ತಂದರೆ ಕೋನ 3ಕ್ಕೆ ಇಳಿಯುತ್ತದೆ. ಫ್ಯಾನ್ ಮತ್ತು ರೇಡಿಯೇಟರ್ ನಡುವಿನ ಜಾಗವನ್ನು ಆಮೇಲೆ ನೋಡಲು ಮರೆಯಬೇಡಿ.

ಶಾಫ್ಟಿನ ಸ್ಲಿಪ್ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ಮುಂದಿನ ತುದಿ) ಮೂರೂ ಎತ್ತರದಲ್ಲಿ ಎಷ್ಟು ಒಳಗೆ ಹೊರಗೆ ಆಡುತ್ತದೆ ಎಂದು ಗುರುತು ಹಾಕಿ. ಅತಿ ಒಳಗೆ ಹೋದಾಗಲೂ ತಳ ಮುಟ್ಟಲು 20–25 ಎಂಎಂ ಬಾಕಿ ಇರಬೇಕು. ಇಲ್ಲದಿದ್ದರೆ ಗುಂಡಿಯೊಂದಕ್ಕೆ ಇಳಿದ ದಿನ ಗೇರ್‌ಬಾಕ್ಸಿನ ಹಿಂದಿನ ಬುಷ್ ಹೋಗುತ್ತದೆ.

ಬಾರು, ಬ್ರ್ಯಾಕೆಟ್, ವೆಲ್ಡು

ಕೆಳಗಿನ ಬಾರುಗಳಿಗೆ ಒಂದೂವರೆ ಇಂಚು ಹೊರವ್ಯಾಸದ, ಗೋಡೆ ಕಾಲು ಇಂಚಿನ ಹೊಲಿಗೆಯಿಲ್ಲದ ಟ್ಯೂಬು, ಬ್ರ್ಯಾಕೆಟ್ಟಿಗೆ 6 ಎಂಎಂ ಪ್ಲೇಟು, 5/8 ಇಂಚಿನ ಗ್ರೇಡ್ 8 ಬೋಲ್ಟು. ಬಾರಿನ ಎಳೆಯನ್ನು ನಡುಮಟ್ಟದಲ್ಲಿಟ್ಟು ಬ್ರ್ಯಾಕೆಟ್ ಟ್ಯಾಕ್ ಹಾಕಿ, ಮುಂದೆ ಎರಡೂ ದಿಕ್ಕಿಗೆ 12 ಎಂಎಂ ಸರಿಪಡಿಸಲು ಜಾಗ ಬೇಕು. ಪೂರ್ತಿ ಹೊರಗೆ ತಿರುಗಿಸಿದಾಗಲೂ ಎಳೆಯ ವ್ಯಾಸದ ಒಂದೂವರೆಯಷ್ಟು ಒಳಗೆ ಕಚ್ಚಿರಬೇಕು, 3/4 ಇಂಚಿನ ಎಳೆಗೆ ಸುಮಾರು 29 ಎಂಎಂ.

ಸಮಾನಾಂತರ ಫೋರ್‌ಲಿಂಕಿನಲ್ಲಿ ಒಂದು ಬದಿಯ ಮೇಲಿನ ಕೆಳಗಿನ ಬಾರುಗಳು ಒಂದೇ ಉದ್ದ, ಒಂದೇ ಕೋನದಲ್ಲಿ ಇರಬೇಕು. ಹಾಗಿದ್ದರೆ ಗಾಡಿ ಎದ್ದರೂ ಕುಳಿತರೂ ಚಾಸಿಗೆ ಹೋಲಿಸಿದರೆ ಪಿನಿಯನ್ನಿನ ಕೋನ ಕದಲುವುದಿಲ್ಲ. ಪರೀಕ್ಷೆ ಸರಳ: ಕೊನೆಯ ಬಾರಿನ ಬೋಲ್ಟು ಬೆರಳಿನಲ್ಲೇ ತೂರಬೇಕು. ಸುತ್ತಿಗೆ ಬೇಕಾಯಿತು ಎಂದರೆ ಆ ಬಾರು ಆಕ್ಸಲನ್ನು ತಿರುಚುತ್ತಿದೆ, ಉದ್ದ ಸರಿಮಾಡಿ.

ಅಡ್ಡಕ್ಕೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿಗೂ ಕಂಸದ ಲೆಕ್ಕವೇ. ಅದು ಓಡಿಸುವ ಎತ್ತರದಲ್ಲಿ ನೆಲಕ್ಕೆ ಸಮವಾಗಿರಲಿ, ಆದಷ್ಟು ಉದ್ದವಿರಲಿ. 800 ಎಂಎಂ ರಾಡಿನಲ್ಲಿ ಗಾಡಿ 100 ಎಂಎಂ ಕುಳಿತರೆ ಆಕ್ಸಲ್ ಪಕ್ಕಕ್ಕೆ 6.3 ಎಂಎಂ ಹೋಗುತ್ತದೆ, 400 ಎಂಎಂ ರಾಡಿನಲ್ಲಿ 12.7. ಮೇಲಿನ ಬಾರುಗಳನ್ನು ತ್ರಿಕೋನಕ್ಕೆ ತಿರುಗಿಸಿ ಪ್ಯಾನ್‌ಹಾರ್ಡ್ ಬಿಡುವುದಾದರೆ ಅವೆರಡರ ನಡುವೆ ಒಟ್ಟು 40 ಡಿಗ್ರಿಯಾದರೂ ಇರಲಿ. ಅವುಗಳ ಬ್ರ್ಯಾಕೆಟ್ಟನ್ನು ಡಿಫರೆನ್ಶಿಯಲಿನ ಎರಕದ ಗುಂಡಿಗೆ ನೇರ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ, ಎರಡು ಟ್ಯೂಬುಗಳ ನಡುವೆ ಸೇತುವೆ ಕಟ್ಟಿ ಅದರ ಮೇಲೆ ಕೂರಿಸಿ.

ಇಷ್ಟೆಲ್ಲ ಎಚ್ಚರದಿಂದ ಕೂರಿಸಿದ ಆಕ್ಸಲನ್ನು ವೆಲ್ಡಿಂಗ್ ಶಾಖ ಹತ್ತು ನಿಮಿಷದಲ್ಲಿ ಬಾಗಿಸಬಲ್ಲದು. ಬ್ರ್ಯಾಕೆಟ್ಟಿನ ಸುತ್ತ ಒಂದೇ ಉಸಿರಿಗೆ ವೆಲ್ಡ್ ಎಳೆದರೆ ಟ್ಯೂಬು ಶಾಖದ ಕಡೆಗೆ ಬಾಗಿ, ಎರಡೂ ಚಕ್ರ ಒಳಕ್ಕೋ ಹೊರಕ್ಕೋ ನೋಡುತ್ತವೆ. 25 ಎಂಎಂ ಎಳೆಯಿರಿ, ಇನ್ನೊಂದು ಬದಿಗೆ ಹೋಗಿ 25 ಎಂಎಂ ಎಳೆಯಿರಿ, ಮೇಲೊಂದು ಕೆಳಗೊಂದು, ನಡುವೆ ಕೈಯಿಟ್ಟು ಮುಟ್ಟುವಷ್ಟು ತಣಿಯಲಿ. ನೀರು ಸುರಿಯಬೇಡಿ. ಒಳಗಿನ ಎಣ್ಣೆ ಮೊದಲೇ ಬಸಿದಿರಲಿ, ಆಕ್ಸಲ್ ಶಾಫ್ಟುಗಳನ್ನು ಹೊರಗೆಳೆದಿರಲಿ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ತುಂಡಿನ ಪಕ್ಕದಲ್ಲೇ ಹಾಕಿ. ದೂರದಲ್ಲಿ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ಅದರಲ್ಲಿ ಚುಕ್ಕೆ ಚುಕ್ಕೆ ಸುಡುತ್ತದೆ, ಸಾವಿರ ಮೈಲಿಯಲ್ಲಿ ಗುಯ್‌ಗುಡಲು ಶುರು.

ಆಡಿಸಿ ನೋಡುವುದು

ಪೂರ್ತಿ ವೆಲ್ಡ್ ಮಾಡುವ ಮೊದಲೇ, ಟ್ಯಾಕ್ ಮಾತ್ರ ಇರುವಾಗ, ಊರುಗೋಲು ತೆಗೆದು ಬ್ಯಾಗು ಹಾಕದೆ ಆಕ್ಸಲನ್ನು ಜಾಕಿಯಲ್ಲಿ ಮೇಲೆ ಕೆಳಗೆ ಆಡಿಸಿ. ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಆಮೇಲೆ ಒಂದು ಬದಿ ಮಾತ್ರ 75 ಎಂಎಂ ಮೇಲೆ. ಈ ಕೊನೆಯದನ್ನು ಬಿಡುವವರೇ ಹೆಚ್ಚು, ತೊಂದರೆ ಬಯಲಾಗುವುದೂ ಅದರಲ್ಲೇ: ಬಾರು ರೈಲಿಗೆ ತಗುಲುತ್ತದೆ, ಪ್ಯಾನ್‌ಹಾರ್ಡ್ ಡಿಫರೆನ್ಶಿಯಲಿನ ಮುಚ್ಚಳಕ್ಕೆ ಕುಟ್ಟುತ್ತದೆ, ಬ್ರೇಕ್ ಹೋಸು ಎಳೆದುಕೊಳ್ಳುತ್ತದೆ. ಬ್ಯಾಗು ಗರಿಷ್ಠ ಉಬ್ಬಿದಾಗ ಸುತ್ತ 15 ಎಂಎಂ ಗಾಳಿ ಇರಲಿ, ಉಜ್ಜುವ ಬ್ಯಾಗು ಒಡೆಯುವ ಬ್ಯಾಗು. ಗಾಡಿಯ ಭಾರ ಕೊನೆಗೆ ಬಂಪ್‌ಸ್ಟಾಪಿನ ಮೇಲೆ ಕೂರಬೇಕು, ಕುಗ್ಗಿದ ಬ್ಯಾಗಿನ ಮೇಲಲ್ಲ. ಜಾಕಿಯಷ್ಟನ್ನೇ ನಂಬಿ ಅಡಿಗೆ ತೂರಬೇಡಿ, ಚಾಸಿಯ ಸ್ಟ್ಯಾಂಡು ಸದಾ ಇರಲಿ.

ಪೂರ್ತಿ ವೆಲ್ಡ್ ಆದಮೇಲೆ ಚೌಕದ ಅಳತೆ ಮತ್ತೆ ಮೊದಲಿನಿಂದ. 2–3 ಎಂಎಂ ಹೋಗಿಯೇ ಇರುತ್ತದೆ. 3/4–16 ಎಳೆಯ ರಾಡ್ ಎಂಡನ್ನು ಒಂದು ಸುತ್ತು ತಿರುಗಿಸಿದರೆ 1.6 ಎಂಎಂ ಸರಿಯುತ್ತದೆ. ಒಂದು ಬದಿ ಸರಿಸಬೇಕಾದರೆ ಆ ಬದಿಯ ಮೇಲಿನ ಕೆಳಗಿನ ಎರಡೂ ಬಾರನ್ನು ಸಮನಾಗಿ ತಿರುಗಿಸಿ. ಕೆಳಗಿನದನ್ನು ಮಾತ್ರ ತಿರುಗಿಸಿದರೆ ಪಿನಿಯನ್ನಿನ ಕೋನ ಕೆಡುತ್ತದೆ. ಕೋನವನ್ನೇ ಬದಲಿಸಬೇಕಾದರೆ ಮೇಲಿನವೆರಡನ್ನು ಮಾತ್ರ. ಎರಡು ಬ್ರ್ಯಾಕೆಟ್ಟುಗಳ ನಡುವೆ 200 ಎಂಎಂ ಎತ್ತರವಿದ್ದರೆ ಒಂದು ಸುತ್ತಿಗೆ ಸುಮಾರು 0.45 ಡಿಗ್ರಿ.

ಈಗ ಬೆಡ್ ಕೂರಿಸಿ. ಒಂದು ಬದಿ ಚಕ್ರ ನಡುವಿನಲ್ಲಿಲ್ಲ ಎಂದು ಕಂಡರೆ ಬಾರಿಗೆ ಕೈಹಾಕಬೇಡಿ. ಬೆಡ್ ಬೋಲ್ಟುಗಳನ್ನು ಸಡಿಲಿಸಿ ಬೆಡ್ಡನ್ನು ತಿರುಗಿಸಿ, ತೂತುಗಳನ್ನು ಸ್ವಲ್ಪ ಉದ್ದ ಮಾಡಿದರೆ 6 ಎಂಎಂವರೆಗೆ ಹೊಂದುತ್ತದೆ. ಕ್ಯಾಬಿನ ಹಿಂಬದಿಗೂ ಬೆಡ್ಡಿಗೂ ನಡುವಿನ ಸಂದು ಮೇಲೆ ಕೆಳಗೆ, ಎಡ ಬಲ ಸಮವಾಯಿತೇ ನೋಡಿಕೊಳ್ಳಿ.

ಸ್ವಭಾವ ಬೇರೆಯಾದ ಎರಡು ಗಾಡಿ

1967–72ರ ಸಿ10ರಲ್ಲಿ ಹೆಚ್ಚಿನವಕ್ಕೆ ಉದ್ದನೆಯ ಟ್ರೇಲಿಂಗ್ ಆರ್ಮ್ ಮತ್ತು ಕಾಯಿಲ್ ಸ್ಪ್ರಿಂಗ್. ಅಲ್ಲಿ ಆಕ್ಸಲ್ ತೋಳಿಗೆ ಯು-ಬೋಲ್ಟಿನಿಂದ ಬಿಗಿದಿರುವುದರಿಂದ ಗಾಡಿ ಇಳಿದಷ್ಟೂ ತೋಳಿನ ಜೊತೆ ಆಕ್ಸಲೂ ತಿರುಗಿ ಪಿನಿಯನ್ನಿನ ಮೂಗು ಕೆಳಗಾಗುತ್ತದೆ. ತೋಳಿಗೂ ಆಕ್ಸಲಿಗೂ ನಡುವೆ ಬೆಣೆಯಾಕಾರದ ಪ್ಲೇಟು ಹಾಕಿ ಅದನ್ನು ಎತ್ತಬೇಕು. ಕಂಪನಿಯ ಪ್ಯಾನ್‌ಹಾರ್ಡ್ ಗಿಡ್ಡ, ಇಳಿಸಿದಾಗ ಆಕ್ಸಲನ್ನು ಪಕ್ಕಕ್ಕೆ ಎಳೆಯುತ್ತದೆ. ಉದ್ದ ಬದಲಿಸಬಹುದಾದ ರಾಡು ಅಲ್ಲಿ ಶೋಕಿಯಲ್ಲ, ಅಗತ್ಯ.

ಲೀಫ್ ಉಳಿಸಿಕೊಂಡು ಫ್ಲಿಪ್ ಕಿಟ್‌ನಿಂದ ಆಕ್ಸಲನ್ನು ಪ್ಲೇಟುಗಳ ಮೇಲಕ್ಕೆ ತಂದರೆ 5–6 ಇಂಚು ಇಳಿಯುತ್ತದೆ. ಅಲ್ಲಿ ಆಕ್ಸಲಿನ ಜಾಗ ಸೆಂಟರ್ ಬೋಲ್ಟಿನದು. ಅದರ ತಲೆ ಹೊಸ ಪ್ಯಾಡಿನ ತೂತಿನಲ್ಲಿ ಆಟವಿಲ್ಲದೆ ಕೂತಿರಬೇಕು. ಪ್ಯಾಡನ್ನು ಟ್ಯಾಕ್ ಮಾತ್ರ ಹಾಕಿ, ಗಾಡಿಯ ಪೂರ್ತಿ ಭಾರ ಬಿಟ್ಟು, ಪಿನಿಯನ್ ಕೋನ ಸರಿಮಾಡಿದಮೇಲೆಯೇ ವೆಲ್ಡ್.

ರಸ್ತೆಗಿಳಿದ ಮೇಲೆ

ಮೊದಲು ನಾಲ್ಕೂ ಚಕ್ರದ ಅಲೈನ್‌ಮೆಂಟ್, ಓಡಿಸುವ ಎತ್ತರಕ್ಕೆ ಗಾಳಿ ತುಂಬಿಸಿಯೇ. ಥ್ರಸ್ಟ್ ಕೋನ (ಗಾಡಿಯ ನಡುಗೆರೆಗೂ ಹಿಂದಿನ ಆಕ್ಸಲ್ ತಳ್ಳುವ ದಿಕ್ಕಿಗೂ ನಡುವಿನ ಕೋನ) 0.1 ಡಿಗ್ರಿ ಒಳಗೆ ಬಂದರೆ ನೆಲದ ಮೇಲಿನ ದಾರ ಸುಳ್ಳು ಹೇಳಿಲ್ಲ ಎಂದರ್ಥ.

ಎಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟಾಗ ನಿಂತರೆ ಪಿನಿಯನ್ ಮೇಲೆ ಜಾಸ್ತಿ ಇದೆ, ಮೇಲಿನ ಬಾರನ್ನು ಅರ್ಧರ್ಧ ಸುತ್ತು ಗಿಡ್ಡ ಮಾಡುತ್ತ ನೋಡಿ. ಒತ್ತಿದಾಗ ಸರಿಯಿದ್ದು ಬಿಟ್ಟಾಗ ನಡುಗಿದರೆ ಕೆಳಗೆ ಜಾಸ್ತಿ. ಎರಡರಲ್ಲೂ ನಡುಗಿದರೆ ಕೋನ ಬಿಟ್ಟು ಶಾಫ್ಟಿನ ಬ್ಯಾಲೆನ್ಸ್ ನೋಡಿಸಿ. ತಿರುವಿನಲ್ಲಿ ಮಾತ್ರ ಟೈರು ಉಜ್ಜಿದರೆ ಪ್ಯಾನ್‌ಹಾರ್ಡ್ ಬುಷ್ ಅಥವಾ ಅದರ ಬ್ರ್ಯಾಕೆಟ್ ಅಲುಗುತ್ತಿದೆ. ಗುಂಡಿಗೆ ಇಳಿದಾಗ ಮಾತ್ರ ಉಜ್ಜಿದರೆ ಬಂಪ್‌ಸ್ಟಾಪು ಗಿಡ್ಡವಾಯಿತು.

ರಬ್ಬರ್ ಬುಷ್ ಇರುವ ಬಾರುಗಳ ಬೋಲ್ಟನ್ನು ಗಾಡಿ ಎತ್ತಿಟ್ಟಾಗ ಪೂರ್ತಿ ಬಿಗಿಯಬೇಡಿ. ಗಾಳಿ ತುಂಬಿ ಓಡಿಸುವ ಎತ್ತರಕ್ಕೆ ತಂದಮೇಲೆ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲಿ ತಿರುಚದೆ ನಿಲ್ಲುತ್ತದೆ. 100 ಮೈಲಿಗೊಮ್ಮೆ, ಮತ್ತೆ 500 ಮೈಲಿಗೊಮ್ಮೆ ಎಲ್ಲ ಬೋಲ್ಟು, ಜಾಮ್ ನಟ್ಟುಗಳಿಗೆ ಟಾರ್ಕ್ ಪಾನ ಹಾಕಿ. ಪ್ರತಿ ನಟ್ಟಿನಿಂದ ಬಾರಿನವರೆಗೆ ಪೇಂಟಿನ ಒಂದು ಗೆರೆ ಎಳೆದಿಟ್ಟರೆ, ಯಾವುದು ತಿರುಗಿದೆ ಎಂದು ಬಗ್ಗಿ ನೋಡಿದಾಗಲೇ ಕಾಣುತ್ತದೆ.